ಮೀನಿನ ಟ್ಯಾಂಕಿನ ಲೈಟು: ಲುಮೆನ್, ಲಕ್ಸ್, ಪಾರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಇಲ್ಲಿ ನವನಗರದಲ್ಲಿ ಮನೆಯಲ್ಲಿ ಮೀನು ಸಾಕುವ ನಾವೊಂದಿಷ್ಟು ಜನ ಸೇರಿ, ಹೊಸದಾಗಿ ಟ್ಯಾಂಕ್ ಇಡುವವರಿಗೆ ಲೈಟ್ ಆರಿಸುವ ಬಗ್ಗೆ ಎರಡು ಪುಟದ ಕನ್ನಡ ಬರಹ ಸಿದ್ಧ ಮಾಡುತ್ತಿದ್ದೇವೆ. ಅಳತೆಯ ಪದಗಳ ಹತ್ತಿರ ಬಂದು ಕೆಲಸ ನಿಂತಿದೆ.

ಅಂಗಡಿಯಲ್ಲಿ ಎಲ್ಲದಕ್ಕೂ ಒಂದೇ ಮಾತು, 'ಪವರ್'. "ಇದರ ಪವರ್ ಜಾಸ್ತಿ ಐತ್ರಿ, ಇದನ್ನ ಒಯ್ರಿ" ಅನ್ನುತ್ತಾರೆ. ಡಬ್ಬಿಯ ಮೇಲೆ ನೋಡಿದರೆ 10 ವ್ಯಾಟ್, 900 ಲುಮೆನ್, 6500 ಕೆಲ್ವಿನ್ ಅಂತ ಮೂರು ಬೇರೆ ಬೇರೆ ಅಳತೆ ಇರುತ್ತವೆ. ವ್ಯಾಟ್ ಅಂದರೆ ಲೈಟು ತಿನ್ನುವ ಕರೆಂಟು. ಅದು ಮನೆಮಾತಾಗಿದೆ, ಹೊಸ ಪದ ಬೇಡ. ಟ್ಯೂಬ್‌ಲೈಟ್ ಕಾಲದಲ್ಲಿ ಇಷ್ಟು ನೀರಿಗೆ ಇಷ್ಟು ವ್ಯಾಟ್ ಅಂತ ಲೆಕ್ಕ ಹಾಕುತ್ತಿದ್ದರು. ಎಲ್‌ಇಡಿಯಲ್ಲಿ ಕಡಿಮೆ ವ್ಯಾಟಿಗೇ ಜಾಸ್ತಿ ಬೆಳಕು ಬರುವುದರಿಂದ ಆ ಲೆಕ್ಕ ಈಗ ನಡೆಯುವುದಿಲ್ಲ.

ಲುಮೆನ್ ಮತ್ತು ಲಕ್ಸ್ ವಿಷಯಕ್ಕೆ ಬಂದರೆ, ತೀವ್ರತೆ, ಪ್ರಖರತೆ, ಪ್ರಕಾಶ ಎಂಬ ಪದಗಳನ್ನು ಜನ ಒಂದರ ಬದಲು ಇನ್ನೊಂದು ಬಳಸುತ್ತಾರೆ. ನಮಗೆ ಬೇಕಾದ ವ್ಯತ್ಯಾಸ ಅಲ್ಲೇ ಮಾಯವಾಗುತ್ತದೆ. ಲುಮೆನ್ ಎಂದರೆ ಲೈಟು ಎಲ್ಲಾ ದಿಕ್ಕಿಗೂ ಸೂಸುವ ಒಟ್ಟು ಬೆಳಕು. ಲಕ್ಸ್ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬೆಳಕು. ಎರಡಡಿ ಉದ್ದ, ಒಂದಡಿ ಅಗಲದ ಟ್ಯಾಂಕ್ ತಗೊಳ್ಳಿ. ಅದರ ನೀರಿನ ಮೇಲ್ಮೈ ಸುಮಾರು 0.186 ಚದರ ಮೀಟರ್. ಆ 900 ಲುಮೆನ್ ಪೂರ್ತಿ ನೀರಿನ ಮೇಲೇ ಬಿದ್ದರೆ ಸುಮಾರು 4800 ಲಕ್ಸ್. ಆದರೆ ಪೂರ್ತಿ ಎಲ್ಲಿ ಬೀಳುತ್ತದೆ? ಒಂದಿಷ್ಟು ಗೋಡೆಗೆ, ಒಂದಿಷ್ಟು ನಮ್ಮ ಕಣ್ಣಿಗೆ. ಲೈಟನ್ನು ಮೇಲೆತ್ತಿದಷ್ಟೂ ಟ್ಯಾಂಕಿಗೆ ಕಡಿಮೆ. ಅದಕ್ಕೇ ನಾನು 'ಸೂಸುಬೆಳಕು', 'ಬೀಳುಬೆಳಕು' ಎಂದು ಬರೆದಿದ್ದೇನೆ. ಓದಿದ ಕೂಡಲೇ ಅರ್ಥವಾಗುತ್ತದೆ ಅನ್ನುವುದು ನನ್ನ ನಂಬಿಕೆ. ನಿಮಗೆ ಹೇಗನಿಸುತ್ತದೆ?

ಕೆಲ್ವಿನ್‌ಗೆ 'ಬಣ್ಣದ ತಾಪಮಾನ' ಅಂದರೆ ದಾರಿ ತಪ್ಪುತ್ತದೆ. 6500 ಅಂತ ಓದಿದವರು ನೀರು ಕಾಯುತ್ತದೆಯೇ ಎಂದು ಕೇಳುತ್ತಾರೆ. ಬಾಗಲಕೋಟೆಯ ಬೇಸಿಗೆಯಲ್ಲಿ ಆ ಭಯ ಸುಮ್ನೆ ಬರುವುದಿಲ್ಲ! ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಗೆ, ಕಾವು ಏರಿದಂತೆ ಹಳದಿ, ಆಮೇಲೆ ಬಿಳಿಯಾಗುತ್ತದಲ್ಲ, ಬಣ್ಣವನ್ನು ಹಾಗೆ ಕಾವಿನ ಅಂಕಿಯಲ್ಲಿ ಹೇಳುವುದು ಅಷ್ಟೇ. 2700 ಅಂದರೆ ಹಳದಿ ಛಾಯೆ, 6500 ಅಂದರೆ ಹಗಲಿನಂಥ ಬಿಳಿ. ಸದ್ಯಕ್ಕೆ 'ಬೆಳಕಿನ ಛಾಯೆ' ಎಂದಿಟ್ಟಿದ್ದೇನೆ.

ನಿಜವಾದ ತೊಡಕು ಪಾರ್ (PAR), ಅಂದರೆ ಗಿಡ ಆಹಾರ ತಯಾರಿಸಲು ಬಳಸಬಲ್ಲ ಬೆಳಕಿನದು. ಲುಮೆನ್, ಲಕ್ಸ್ ಎರಡೂ ಮನುಷ್ಯನ ಕಣ್ಣಿನ ಲೆಕ್ಕ. ನಮ್ಮ ಕಣ್ಣಿಗೆ 555 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಹತ್ತಿರದ ಹಸಿರು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಟ್ಯಾಂಕಿನಲ್ಲಿ ಬೆಳೆಸುವ ಗಿಡದ ಲೆಕ್ಕ ಬೇರೆ. ಕೆಂಪು, ನೀಲಿ ಎಲ್‌ಇಡಿ ಮಾತ್ರ ಇರುವ ಲೈಟು ನಮಗೆ ಮಂಕಾಗಿ ಕಾಣುತ್ತದೆ, ಲುಮೆನ್ ಅಂಕಿಯೂ ಸಣ್ಣದೇ. ಗಿಡಕ್ಕೆ ಮಾತ್ರ ಅದರಲ್ಲಿ ಬೇಕಾದಷ್ಟು ಬೆಳಕಿರುತ್ತದೆ. ಪಾರ್ ಅಂದರೆ 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕು. ಅದನ್ನು ಒಂದು ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ (ಬೆಳಕಿನ ಕಣಗಳ ಎಣಿಕೆಯ ಅಳತೆ) ಎಂದು ಎಣಿಸುತ್ತಾರೆ. ನೀರು ಆಳವಾದಷ್ಟೂ ಅದು ತಗ್ಗುತ್ತದೆ, ಹಾಗಾಗಿ ಗಿಡ ಇರುವ ತಳದಲ್ಲೇ ಅಳೆಯಬೇಕು. ಅನೂಬಿಯಸ್, ಜಾವಾ ಫರ್ನ್‌ನಂಥ ಟ್ಯಾಂಕಿನ ಗಿಡಗಳಿಗೆ ಸ್ವಲ್ಪ ಸಾಕು. ಕೆಂಪೆಲೆಯ ಗಿಡಗಳಿಗೆ ಜಾಸ್ತಿ ಬೇಕು. ಬೇಕಿದ್ದಕ್ಕಿಂತ ಜಾಸ್ತಿಯಾದರೆ ಗಾಜಿಗೆಲ್ಲ ಹಾವಸೆ ಕಟ್ಟುತ್ತದೆ. ಬರೀ ಮೀನಿದ್ದರೆ ಈ ತಲೆನೋವೇ ಬೇಡ, ನೋಡಲು ಚಂದ ಕಂಡರೆ ಆಯ್ತು.

ಇದಕ್ಕೆ ನನಗೆ ಹೊಳೆದದ್ದು 'ಗಿಡಕ್ಕೆ ದಕ್ಕುವ ಬೆಳಕು'. ಉಂಡದ್ದು ದಕ್ಕಬೇಕು ಅನ್ನುತ್ತೇವಲ್ಲ, ಆ ದಕ್ಕು. ಪದ ಬಹಳ ಹಿಡಿಸಿದೆ. ಆದರೆ ಒಂದು ಅನುಮಾನ ಕಾಡುತ್ತಿದೆ. ಪಾರ್ ಅಳೆಯುವುದು ಗಿಡದ ಮುಂದೆ ಬಂದು ಬೀಳುವ ಬೆಳಕನ್ನು, ಗಿಡ ಹೀರಿಕೊಂಡದ್ದನ್ನು ಅಲ್ಲ. ತಟ್ಟೆಗೆ ಬಡಿಸಿದ್ದೆಲ್ಲ ದಕ್ಕಿದ ಹಾಗಲ್ಲ ಅಲ್ವಾ? ಆಗ 'ಗಿಡಕ್ಕೆ ಒದಗುವ ಬೆಳಕು' ಹೆಚ್ಚು ಸರಿಯೇನೋ. ವಿಜಯಪುರ, ಬೆಳಗಾವಿ ಕಡೆಯ ಮಾತಿನಲ್ಲಿ 'ದಕ್ಕು' ಎಂದರೆ ಬರೀ ಸಿಗುವುದು ಎಂಬ ಅರ್ಥವೇ ಮೊದಲು ಬರುತ್ತದೆಯೋ, ಅರಗುವುದು ಎಂಬ ಅರ್ಥವೋ? ಫಿಸಿಕ್ಸ್ ಕಲಿಸುವವರು, ತೋಟಗಾರಿಕೆ ಓದಿದವರು ಇದ್ದರೆ ದಯವಿಟ್ಟು ಹೇಳಿ. ಬೇರೆ ಪದ ಬಳಕೆಯಲ್ಲಿದ್ದರೆ ಅದನ್ನೇ ತಗೊಳ್ಳುತ್ತೇವೆ.