ಚಾರಿಟಿ ಸಂಜೆಗೆ ನ್ಯಾಚುರಲ್ ವೈನ್: ಆರು ಬಾಟಲಿ ಹೋಲಿಸೋದು ಹೇಗೆ?

ಕೇಳಿದವರು, ರೆಡಿಂಗ್‌ನಿಂದ

ಇಲ್ಲಿನ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ ಮನೆ) ಒಂದಕ್ಕೆ ದುಡ್ಡು ಕೂಡಿಸೋಕೆ ಪಕ್ಕದ ಬೀದಿ ಹಾಲ್‌ನಲ್ಲಿ ಒಂದು ಸಂಜೆ ಇಟ್ಕೊಂಡಿದೀವಿ. ನಲವತ್ತು ಜನ ಆಗಬಹುದು, ಅದರಲ್ಲಿ ಅರ್ಧದಷ್ಟು ನಮ್ಮ ಕನ್ನಡದವರೇ. ಟಿಕೆಟ್ ತಗೊಂಡವರಿಗೆ ಆರು ವೈನ್ ರುಚಿ ತೋರಿಸಬೇಕು, ನ್ಯಾಚುರಲ್ ವೈನ್ ಅಂದ್ರೇನು ಅಂತ ಹೋಲಿಸಿ ಹೇಳಬೇಕು. ಉಸ್ತುವಾರಿ ನನ್ನ ತಲೆಗೆ ಬಂದಿದೆ. ಕುಡಿಯೋದು ಗೊತ್ತು, ಅದರ ಬಗ್ಗೆ ಮಾತಾಡೋಕೆ ಬರಲ್ಲ. ಯಾವ ಬಾಟಲಿ ತರಲಿ? ಯಾರಾದ್ರೂ "ಇದು ಕೆಟ್ಟೋಗಿದೆ" ಅಂದ್ರೆ ಏನು ಹೇಳಲಿ? ಇಂಥದ್ದು ಮಾಡಿದವರು, ಹೋಗಿಬಂದವರು ದಯವಿಟ್ಟು ತಿಳಿಸಿ.

ಲಂಡನ್‌ನಿಂದ

ವೈನ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಇಂಥ ಸಂಜೆಗಳಿಗೆ ಬಡಿಸೋಕೆ ಹೋಗ್ತಿದ್ದೆ. ನ್ಯಾಚುರಲ್ ಅಂದ್ರೆ ಸರಳವಾಗಿ, ದ್ರಾಕ್ಷಿಯಲ್ಲೇ ಇರೋ ಯೀಸ್ಟ್‌ನಿಂದ, ಹೊರಗಿಂದ ಹೆಚ್ಚೇನೂ ಸೇರಿಸದೆ ಮಾಡಿದ ವೈನ್. ನನ್ನ ಮೊದಲ ಮಾತು: ಆರೂ ನ್ಯಾಚುರಲ್ ತರಬೇಡಿ. ಆರು ದೇಶದ ಆರು ದ್ರಾಕ್ಷಿ ಸಾಲಾಗಿ ಇಟ್ಟರೆ ಜನ ಕೊನೆಗೆ "ನಂಗೆ ಮೂರನೇದು ಇಷ್ಟ ಆಯ್ತು" ಅಂದು ಎದ್ದು ಹೋಗ್ತಾರೆ. ಜೋಡಿ ಮಾಡಿ. ಮೂರು ಜೋಡಿ, ಒಂದೊಂದರಲ್ಲೂ ದ್ರಾಕ್ಷಿ ಒಂದೇ, ಸೀಮೆ ಒಂದೇ, ವರ್ಷವೂ ಆದಷ್ಟು ಹತ್ತಿರ. ತಯಾರಿಸಿದ ರೀತಿ ಮಾತ್ರ ಬೇರೆ.

ಮೊದಲನೇದು ಫ್ರಾನ್ಸ್‌ನ ಲ್ವಾರ್ ಕಣಿವೆಯ ಶೆನಿನ್ ಬ್ಲಾಂಕ್. ಒಂದು ಸೂಪರ್‌ಮಾರ್ಕೆಟ್ಟಿನದು, ಇನ್ನೊಂದು ಸೋಸದೆ ತುಂಬಿದ್ದು. ಎರಡೂ ಸಿಹಿ ಇಲ್ಲದ್ದೇ ಇರಲಿ, ಆ ದ್ರಾಕ್ಷಿಯಲ್ಲಿ ಸಿಹಿ ವೈನೂ ಬರುತ್ತೆ, ಲೇಬಲ್ ನೋಡ್ಕೊಳ್ಳಿ. ಎರಡನೇದು ಬೋಜೊಲೆ ಸೀಮೆಯ ಮೊರ್ಗೊಂ ಅನ್ನೋ ಊರಿನ ಕೆಂಪು ವೈನ್, ದ್ರಾಕ್ಷಿ ಗಾಮೆ. ಫ್ರಾನ್ಸ್‌ನಲ್ಲಿ ನ್ಯಾಚುರಲ್ ವೈನ್ ಚಳವಳಿಯ ಬೇರು ಇರೋದೇ ಅಲ್ಲಿ. ಜೂಲ್ ಶೋವೆ ಅಂತ ವೈನ್ ವ್ಯಾಪಾರಿ, ರಸಾಯನಶಾಸ್ತ್ರ ಬಲ್ಲವರು, 1989ರಲ್ಲಿ ತೀರಿಕೊಂಡರು. ದ್ರಾಕ್ಷಿ ಸಿಪ್ಪೆ ಮೇಲಿನ ಯೀಸ್ಟ್‌ನಿಂದಲೇ, ಗಂಧಕ ಹಾಕದೆ ವೈನ್ ಮಾಡಬಹುದು ಅಂತ ಅವರು ತೋರಿಸಿಕೊಟ್ಟದ್ದನ್ನ ಮೊರ್ಗೊಂನ ಮಾರ್ಸೆಲ್ ಲಾಪಿಯೆರ್ ಮತ್ತು ಗೆಳೆಯರು ಕೈಗೆತ್ತಿಕೊಂಡರು. ಈ ಕತೆ ಎರಡು ನಿಮಿಷದಲ್ಲಿ ಹೇಳಬಹುದು, ಜನ ಕೇಳ್ತಾರೆ.

ಮೂರನೇದಕ್ಕೆ ಜಾರ್ಜಿಯಾದ ರ್ಕತ್ಸಿತೆಲಿ. ಬಿಳಿ ದ್ರಾಕ್ಷಿ. ಒಂದು, ಸಿಪ್ಪೆ ತೆಗೆದು ಸ್ಟೀಲ್ ಟ್ಯಾಂಕ್‌ನಲ್ಲಿ ಹುದುಗಿಸಿದ್ದು, ನೀರಿನಷ್ಟು ತಿಳಿ. ಇನ್ನೊಂದು, ನೆಲದಲ್ಲಿ ಹೂತ ಕ್ವೆವ್ರಿ ಅನ್ನೋ ಮಣ್ಣಿನ ಹಂಡೆಯಲ್ಲಿ ಸಿಪ್ಪೆ, ಬೀಜ ಸಮೇತ ತಿಂಗಳುಗಟ್ಟಲೆ ಇಟ್ಟದ್ದು. ಕಡಕ್ ಚಹಾದ ಬಣ್ಣ, ಬಿಳಿ ವೈನ್‌ನಲ್ಲಿ ಯಾರೂ ಎದುರುನೋಡದಷ್ಟು ಒಗರು. ಈ ಕ್ವೆವ್ರಿ ಪದ್ಧತಿ 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಇದನ್ನ ಕೊನೆಗೇ ಇಡಿ. ಹಾಲ್‌ನಲ್ಲಿ ಗಲಾಟೆ ಎದ್ದೇಳೋದು ಇದಕ್ಕೇ, ಮತ್ತೆ ಇದರ ನಂತರ ಬೇರೇನೂ ರುಚಿಸಲ್ಲ.

ಬಾಟಲಿಗಳಿಗೆ ಕಾಗದದ ಚೀಲ ಸುತ್ತಿ. ಯಾವುದು ನ್ಯಾಚುರಲ್ ಅಂತ ಮೊದಲೇ ಹೇಳಿದ್ರೆ, ಪರವಾಗಿರೋರು ಹೊಗಳ್ತಾರೆ, ವಿರೋಧ ಇರೋರು ಮೂಗು ಮುರೀತಾರೆ. ಎರಡು ಗ್ಲಾಸೂ ಮುಂದೆ ಒಟ್ಟಿಗೇ ಇರಬೇಕು, ಒಂದು ಮುಗಿಸಿ ಇನ್ನೊಂದಲ್ಲ.

ಲೆಕ್ಕ: ಒಂದೊಂದು ವೈನ್‌ಗೆ ಎರಡೆರಡು ಬಾಟಲಿ ಸಾಕು. 1500 ಮಿಲೀ ನಲವತ್ತು ಜನಕ್ಕೆ ಹಂಚಿದ್ರೆ ತಲೆಗೆ 37 ಚಿಲ್ಲರೆ ಬರುತ್ತೆ. ಐವತ್ತೈವತ್ತು ಸುರಿದ್ರೆ ಆರು ಸುತ್ತಿಗೆ 300 ಮಿಲೀ, ಕಾರ್ ಓಡಿಸೋರಿಗೆ ಅದು ವಿಪರೀತ ಜಾಸ್ತಿ. ಉಗುಳೋಕೆ ಪ್ರತಿಯೊಬ್ಬರಿಗೂ ಒಂದು ಪೇಪರ್ ಕಪ್ ಕೊಡಿ. ಮೇಜಿನ ಮಧ್ಯ ಒಂದೇ ದೊಡ್ಡ ಪಾತ್ರೆ ಇಟ್ಟರೆ ನಮ್ಮವರು ಸಂಕೋಚಕ್ಕೆ ನುಂಗಿಬಿಡ್ತಾರೆ.

ಲಿಯೋನ್‌ನಿಂದ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. "ನ್ಯಾಚುರಲ್ ಅಂದ್ರೆ ಇದೇ" ಅಂತ ಹೇಳೋ ಕಾನೂನು ಹೆಚ್ಚಿನ ಕಡೆ ಇಲ್ಲ. ಫ್ರಾನ್ಸ್‌ನಲ್ಲಿ 2020ರಿಂದ 'ವ್ಯಾಂ ಮೆತೋದ್ ನಾತ್ಯುರ್' ಅನ್ನೋ ಗುರುತು ಬಂದಿದೆ: ಸಾವಯವ ಪ್ರಮಾಣಪತ್ರ ಇರೋ ದ್ರಾಕ್ಷಿ, ಕೈಯಲ್ಲೇ ಕೊಯ್ಲು, ಅಲ್ಲೇ ಇರೋ ಯೀಸ್ಟ್, ಸಲ್ಫೈಟ್ (ಕೆಡದಂತೆ ಹಾಕೋ ಗಂಧಕದ ಅಂಶ) ಸೇರಿಸೇ ಇಲ್ಲ ಅಥವಾ ಒಟ್ಟು ಲೀಟರ್‌ಗೆ 30 ಮಿಲಿಗ್ರಾಂ ಒಳಗೆ. ಯುರೋಪಿನ ಸಾಮಾನ್ಯ ಡ್ರೈ (ಸಿಹಿ ಇಲ್ಲದ) ವೈನ್‌ಗೆ ಮಿತಿ ಕೆಂಪಿಗೆ 150, ಬಿಳಿಗೆ 200. ಈ ಅಂಕಿ ಒಂದು ಚೀಟಿಯಲ್ಲಿ ಬರೆದು ಮೇಜಿಗೆ ಇಡಿ, ಅರ್ಧ ವಾದ ಅಲ್ಲೇ ಮುಗಿಯುತ್ತೆ. ಸಲ್ಫೈಟ್ ಸೇರಿಸದ ಬಾಟಲಿ ಮೇಲೂ "ಸಲ್ಫೈಟ್ ಇದೆ" ಅಂತ ಇದ್ದರೆ ಮೋಸ ಅಲ್ಲ. ಹುದುಗುವಾಗ ಯೀಸ್ಟೇ ಸ್ವಲ್ಪ ಉಂಟುಮಾಡುತ್ತೆ, ಲೀಟರ್‌ಗೆ 10 ಮಿಲಿಗ್ರಾಂ ದಾಟಿದ್ರೆ ಬರೆಯಲೇಬೇಕು.

ಇನ್ನು "ಕೆಟ್ಟೋಗಿದೆ" ಅನ್ನೋದು. ಮಬ್ಬಾಗಿದ್ರೆ, ತಳದಲ್ಲಿ ಗಷ್ಟು ಇದ್ದರೆ ಅದು ಕೆಟ್ಟದ್ದಲ್ಲ, ಸೋಸಿಲ್ಲ ಅಷ್ಟೆ. ಕೊಳೆತ ಮೊಟ್ಟೆ, ಆಗಷ್ಟೇ ಗೀರಿದ ಬೆಂಕಿಕಡ್ಡಿ ವಾಸನೆ ಬಂದ್ರೆ ಗ್ಲಾಸ್ ತಿರುಗಿಸಿ, ಹತ್ತು ನಿಮಿಷ ಬಿಡಿ, ಹೆಚ್ಚಿನ ಸಲ ಹಾರಿಹೋಗುತ್ತೆ. ದನದ ಕೊಟ್ಟಿಗೆ, ಬ್ಯಾಂಡೇಡ್ ವಾಸನೆ ಬ್ರೆಟ್ಟನೊಮೈಸಿಸ್ ಅನ್ನೋ ಯೀಸ್ಟಿಂದು. ಒಂಚೂರು ಇದ್ದರೆ ಇಷ್ಟಪಡೋರು ಇದಾರೆ, ನಾನು ಆ ಗುಂಪಲ್ಲ. ವಿನೆಗರ್, ನೇಲ್ ಪಾಲಿಶ್ ತೆಗೆಯೋ ದ್ರವದ ಘಾಟು ಮೂಗಿಗೆ ಹೊಡೆದ್ರೆ ನಾಚಿಕೆ ಬಿಟ್ಟು "ಹೌದು, ಇದು ದೋಷ" ಅನ್ನಿ. ನ್ಯಾಚುರಲ್ ಅನ್ನೋ ಹೆಸರಲ್ಲಿ ಎಲ್ಲ ದೋಷಕ್ಕೂ ಮಾಫಿ ಕೊಡೋರನ್ನ ನೋಡಿ ನಂಗೆ ಸಾಕಾಗಿದೆ.

ಎಲ್ಲಕ್ಕಿಂತ ಕಳ್ಳ ದೋಷ 'ಮೌಸ್'. ಮೂಗಿಟ್ಟು ಮೂಸಿದ್ರೆ ಏನೂ ಇರಲ್ಲ, ಕುಡಿದಾಗಲೂ ಚೆನ್ನಾಗೇ ಇರುತ್ತೆ. ನುಂಗಿ ಅಥವಾ ಉಗುಳಿ ಹತ್ತಿಪ್ಪತ್ತು ಸೆಕೆಂಡ್ ಆದಮೇಲೆ ಗಂಟಲ ಹಿಂದಿಂದ ಹಳಸಿದ ಪಾಪ್‌ಕಾರ್ನ್, ಇಲಿ ಗೂಡಿನ ವಾಸನೆ ಏಳುತ್ತೆ. ವೈನ್‌ನ ಹುಳಿಯಲ್ಲಿ ಆ ಅಂಶ ಆವಿಯಾಗಿ ಮೇಲೇಳಲ್ಲ, ಬಾಯಲ್ಲಿ ಜೊಲ್ಲು ಹುಳಿ ತಗ್ಗಿಸಿದ ಮೇಲೇ ಹೊರಬರೋದು. ಇದಕ್ಕೆ ಕಾರಣವಾದ ಸಂಯುಕ್ತಗಳಲ್ಲಿ ಒಂದು ಬಾಸ್ಮತಿ ಅಕ್ಕಿಗೆ ಘಮ ಕೊಡೋ ಸಂಯುಕ್ತವೇ! ಕೆಲವರಿಗೆ ಈ ದೋಷ ಗೊತ್ತೇ ಆಗಲ್ಲ. ಹಾಗಾಗಿ ಬಾಟಲಿ ತೆಗೆದಾಗ ಒಬ್ಬರೇ ಪರೀಕ್ಷೆ ಮಾಡಬೇಡಿ, ಇಬ್ಬರು ಮಾಡಿ. ಅಂಗೈ ಹಿಂಭಾಗಕ್ಕೆ ಎರಡು ಹನಿ ಉಜ್ಜಿ ಮೂಸಿದ್ರೂ ಸುಳಿವು ಸಿಗುತ್ತೆ.

ಮ್ಯಾಂಚೆಸ್ಟರ್‌ನಿಂದ

ಅರ್ಧ ಜನ ನಮ್ಮವರು ಅಂದ್ರಲ್ಲ, ಸಸ್ಯಾಹಾರಿಗಳು ಕೇಳೇ ಕೇಳ್ತಾರೆ, ಉತ್ತರ ಇಟ್ಕೊಳ್ಳಿ. ವೈನ್ ತಿಳಿ ಮಾಡೋಕೆ ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸೋದುಂಟು. ಮೊಟ್ಟೆ, ಹಾಲು ಉಳಿದಿದ್ರೆ ಲೇಬಲ್ ಮೇಲೆ ಹಾಕಬೇಕು, ಐಸಿಂಗ್ಲಾಸ್‌ಗೆ ಮಾತ್ರ ವಿನಾಯಿತಿ! ಈ ವಿಷಯದಲ್ಲಿ ನ್ಯಾಚುರಲ್ ವೈನ್ ನಮಗೆ ಅನುಕೂಲ, ಬಹುಪಾಲು ತಿಳಿ ಮಾಡದೇ ತುಂಬಿರ್ತಾರೆ. ಆದ್ರೂ ವೀಗನ್ ಗುರುತು ಇದೆಯಾ ನೋಡಿ, ಇಲ್ಲಾಂದ್ರೆ ಅಂಗಡಿಯವರನ್ನೇ ಕೇಳಿ. ಜೋಡಿಯ ಇನ್ನೊಂದು ಬಾಟಲಿಗೂ ಅಷ್ಟೆ.

ತಿಂಡಿ: ರುಚಿ ನೋಡೋ ಹೊತ್ತಲ್ಲಿ ಬರೀ ಬ್ರೆಡ್, ನೀರು. ಕೋಡುಬಳೆ, ನಿಪ್ಪಟ್ಟು ಆಮೇಲೆ. ಖಾರ ನಾಲಿಗೆಗೆ ಹತ್ತಿದ್ರೆ ಆ ಜಾರ್ಜಿಯಾ ವೈನ್‌ನ ಒಗರು ಇನ್ನೂ ಒರಟಾಗುತ್ತೆ. ಅದನ್ನ ಫ್ರಿಜ್‌ನಿಂದ ತೆಗೆದ ತಕ್ಷಣ ಕೊಡಬೇಡಿ, ತಣ್ಣಗಿದ್ದಷ್ಟೂ ಒಗರು ಜಾಸ್ತಿ. ಗಾಮೆಯನ್ನ ಮಾತ್ರ ಅರ್ಧ ಗಂಟೆ ಫ್ರಿಜ್‌ಗೆ ಹಾಕಿ.

ಬೆಂಗಳೂರಿಂದ

ಒಂದು ಸಣ್ಣ ಮಾತು. ಇಲ್ಲಿ ಬಹಳ ಜನಕ್ಕೆ ವೈನ್ ಅಂದ್ರೆ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನೇ. ಆ ರುಚಿಗೆ ಒಗ್ಗಿದವರಿಗೆ ಶೆನಿನ್ ಬರೀ ಹುಳಿ ಅನ್ಸುತ್ತೆ. "ಇದರಲ್ಲಿ ಸಕ್ಕರೆ ಇಲ್ಲ" ಅಂತ ಮೊದಲೇ ಹೇಳಿಬಿಡಿ. ಮತ್ತೆ ನ್ಯಾಚುರಲ್ ಕುಡಿದ್ರೆ ತಲೆನೋವು ಬರಲ್ಲ ಅಂತ ನನ್ನ ಸ್ನೇಹಿತರು ಹೇಳ್ತಾರೆ, ಅದನ್ನೂ ಹೇಳಬಹುದು.

ಲಂಡನ್‌ನಿಂದ, ಮತ್ತೆ

ಸರ್, ಆ ತಲೆನೋವಿನ ಮಾತು ದಯವಿಟ್ಟು ಬೇಡ. ಒಣ ಏಪ್ರಿಕಾಟ್‌ಗೆ ಇಲ್ಲಿ ಕಿಲೋಗೆ 2000 ಮಿಲಿಗ್ರಾಂ ತನಕ ಸಲ್ಫೈಟ್ ಬಿಡ್ತಾರೆ, ಅದನ್ನ ತಿಂದು ಯಾರೂ ತಲೆ ಹಿಡ್ಕೊಂಡು ಕೂರಲ್ಲ. ಆಲ್ಕೋಹಾಲ್ ಎರಡರಲ್ಲೂ ಇದೆ. ಚಾರಿಟಿ ವೇದಿಕೆಯಲ್ಲಿ ನಿಂತು ಆರೋಗ್ಯದ ಭರವಸೆ ಕೊಡೋದು ತಪ್ಪು. ಆಸ್ತಮಾ ಇರೋರಿಗೆ ಮಾತ್ರ ಸಲ್ಫೈಟ್ ನಿಜವಾಗಿ ತೊಂದರೆ ಕೊಡಬಹುದು, ಅವರಿಗೆ ಚೀಲ ಸರಿಸಿ ಲೇಬಲ್ ತೋರಿಸಿ.

ಕೇಳಿದವರು, ರೆಡಿಂಗ್‌ನಿಂದ

ಎಲ್ಲರಿಗೂ ಧನ್ಯವಾದ. ಇನ್ನೆರಡು: ಬಂದ ತಕ್ಷಣ ಒಂದು ಪೆಟ್‌ನ್ಯಾಟ್ (ಗುಳ್ಳೆ ಏಳೋ ನ್ಯಾಚುರಲ್ ವೈನ್) ಕೊಡೋಣ ಅಂತಿದೀವಿ. ಲೈಸೆನ್ಸ್ ಬೇಕಾ? ನಾವು ವೈನ್ ಮಾರ್ತಾ ಇಲ್ಲ, ಟಿಕೆಟ್ ಮಾತ್ರ.

ಮ್ಯಾಂಚೆಸ್ಟರ್‌ನಿಂದ, ಮತ್ತೆ

ಪೆಟ್‌ನ್ಯಾಟ್ ಬಾಟಲಿಯೊಳಗೇ ಹುದುಗಿ ಮುಗಿಯೋದು, ಒತ್ತಡ ಎಷ್ಟಿದೆ ಅಂತ ಹೇಳೋಕಾಗಲ್ಲ. ಹಿಂದಿನ ದಿನದಿಂದ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಅಲುಗಾಡಿಸದೆ ಸಿಂಕ್ ಮೇಲೆ ಹಿಡಿದು ಮುಚ್ಚಳವನ್ನ ನಿಧಾನಕ್ಕೆ ಸಡಿಲಿಸಿ. ಅತಿಥಿಗಳ ಎದುರು ಶೋಕಿ ಮಾಡೋಕೆ ಹೋದ್ರೆ ಅರ್ಧ ಬಾಟಲಿ ಗೋಡೆಗೆ, ಇನ್ನರ್ಧ ಯಾರದೋ ರೇಷ್ಮೆ ಸೀರೆಗೆ.

ಟಿಕೆಟ್‌ನಲ್ಲೇ ವೈನ್ ಸೇರಿದ್ರೆ ಅದು ಮಾರಾಟವೇ. ಹಾಲ್‌ಗೆ ಲೈಸೆನ್ಸ್ ಇದೆಯಾ ಮೊದಲು ವಿಚಾರಿಸಿ. ಇಲ್ಲಾಂದ್ರೆ ಕೌನ್ಸಿಲ್‌ಗೆ ಟೆಂಪರರಿ ಇವೆಂಟ್ ನೋಟಿಸ್ ಹಾಕಿ, 21 ಪೌಂಡ್, ಕನಿಷ್ಠ ಹತ್ತು ಕೆಲಸದ ದಿನ ಮುಂಚೆ. ಇದು ಇಂಗ್ಲೆಂಡ್, ವೇಲ್ಸ್‌ಗೆ. ಸ್ಕಾಟ್ಲೆಂಡ್‌ನ ನಿಯಮ ಬೇರೆ. ತೆಗೆಯದೇ ಉಳಿದ ಬಾಟಲಿಗಳನ್ನ ಅವತ್ತೇ ಅಲ್ಲೇ ರಾಫೆಲ್‌ಗೆ (ಚೀಟಿ ಎತ್ತಿ ಬಹುಮಾನ ಕೊಡೋ ಲಾಟರಿಗೆ) ಇಡಿ, ಸೀಲ್ ಆಗಿರೋ ಬಾಟಲಿ ಬಹುಮಾನಕ್ಕೆ ಮದ್ಯದ ಲೈಸೆನ್ಸ್ ಬೇಕಾಗಲ್ಲ, ಹಾಸ್ಪಿಸ್‌ಗೆ ಇನ್ನಷ್ಟು ದುಡ್ಡು ಬರುತ್ತೆ. ತೆಗೆದು ಉಳಿದದ್ದು ಗ್ಲಾಸ್ ತೊಳೆಯೋರ ಪಾಲಿಗೆ.