ಸ್ನೇಹಿತೆಗೆ ನನ್ನ ನಂಬಿಕೆಯನ್ನು ಹೇಗೆ ಹೇಳಲಿ? ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ

ಆರು ವರ್ಷಗಳಿಂದ ಒಂದೇ ಕೊಠಡಿಯಲ್ಲಿ ನನ್ನೊಂದಿಗೆ ಕೆಲಸ ಮಾಡುತ್ತಿರುವ ಸ್ನೇಹಿತೆಗೆ ನಾನು ಕ್ರೈಸ್ತಳೆಂಬುದು ಗೊತ್ತಿದೆ. ಆದರೆ ನಡತೆಯೇ ಸಾಕ್ಷಿಯಾಗಲಿ ಎಂದುಕೊಂಡು ನಾನು ಯೇಸುವಿನ ವಿಷಯವನ್ನು ಅವಳ ಮುಂದೆ ಒಮ್ಮೆಯೂ ಎತ್ತಿಲ್ಲ. ಕಳೆದ ವಾರ ಅವಳು, "ತಮ್ಮ ತೀರಿಹೋದಾಗ ನೀನು ಹೇಗೆ ತಡೆದುಕೊಂಡೆ?" ಎಂದು ಕೇಳಿದಳು. ನಾನು "ಹೇಗೋ ಆಯಿತು" ಎಂದುಬಿಟ್ಟೆ. ಆ ಉತ್ತರ ಅಂದಿನಿಂದ ನನ್ನ ಮನಸ್ಸನ್ನು ಕೊರೆಯುತ್ತಿದೆ. ಬಾಯಿ ಬಿಟ್ಟರೆ ಸ್ನೇಹ ಕೆಟ್ಟೀತೆಂಬ ಭಯ, ಬಿಡದಿದ್ದರೆ ಕರ್ತನಿಗೆ ಅಪ್ರಾಮಾಣಿಕಳಾದೆನೆಂಬ ನೋವು. ನೀವೆಲ್ಲ ಇಂತಹ ಸಂದರ್ಭದಲ್ಲಿ ಏನು ಮಾಡಿದಿರಿ?

ಒಂದನೆಯ ಉತ್ತರ

ನಿಮ್ಮದು ಮಾತನಾಡದ ನೋವು, ನನ್ನದು ಅತಿಯಾಗಿ ಮಾತನಾಡಿದ ನೋವು. ಗೆಳತಿಯೊಬ್ಬಳ ತಂದೆ ತೀರಿಕೊಂಡ ಮೂರನೆಯ ದಿನ ನಾನು ಸತ್ಯವೇದವನ್ನು (ಬೈಬಲನ್ನು) ಹಿಡಿದುಕೊಂಡು ಅವಳ ಮನೆಗೆ ಹೋದೆ. ನಿತ್ಯಜೀವದ ಕುರಿತು ಮುಕ್ಕಾಲು ಗಂಟೆ ಮಾತನಾಡಿದೆ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಮುಕ್ಕಾಲು ಗಂಟೆಯೂ ಅವಳು ತಂದೆಯ ಒಂದು ಅಂಗಿಯನ್ನು ಮಡಚುತ್ತಿದ್ದಳು, ಬಿಡಿಸುತ್ತಿದ್ದಳು, ತೋಳುಗಳನ್ನು ಒಳಗೆ ಸೇರಿಸಿ ಮತ್ತೆ ಮಡಚುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಮುಟ್ಟಿರಲಿಲ್ಲ. ಆಮೇಲೆ ಹಲವು ತಿಂಗಳು ಅವಳು ನನ್ನ ಕರೆಗಳನ್ನು ಸ್ವೀಕರಿಸಲಿಲ್ಲ.

ಸತ್ಯವೇದದಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರೆಂದು ಓದುತ್ತೇವಲ್ಲ, ಅವರು ಅವನಿಗೆ ಮಾಡಿದ ಉಪಕಾರವೆಲ್ಲ ಆ ಏಳು ದಿನಗಳಲ್ಲೇ ಇತ್ತೆಂದು ನನಗೆ ಈಗ ಅನ್ನಿಸುತ್ತದೆ. ನಾನು ಕೊನೆಗೊಮ್ಮೆ ಹೋಗಿ ಗೆಳತಿಯ ಕ್ಷಮೆ ಕೇಳಿದೆ. ಅವಳ ತಂದೆಯ ಹೆಸರಿನಲ್ಲಿದ್ದ ಕಾಗದಪತ್ರಗಳನ್ನು ಬದಲಾಯಿಸಲು ಕಚೇರಿಯಿಂದ ಕಚೇರಿಗೆ ಅವಳ ಜೊತೆ ಅಲೆದೆ, ಸಾಲಿನಲ್ಲಿ ನಿಂತೆ. ಒಂದು ದಿನ ಹಾಗೆ ಕಾಯುತ್ತಿರುವಾಗ ಅವಳಾಗಿಯೇ, "ನೀನು ಪ್ರಾರ್ಥನೆ ಮಾಡುವಾಗ ನನ್ನ ಹೆಸರನ್ನೂ ಹೇಳುತ್ತೀಯಾ?" ಎಂದು ಕೇಳಿದಳು. ಹೇಳುತ್ತೇನೆಂದೆ. ನಮ್ಮ ನಡುವೆ ಈ ವಿಷಯ ಇಂದಿಗೂ ಅಷ್ಟಕ್ಕೇ ನಿಂತಿದೆ. ಅದನ್ನು ಮುಂದಕ್ಕೆ ತಳ್ಳುವ ಆತುರ ಈಗ ನನಗಿಲ್ಲ.

ಎರಡನೆಯ ಉತ್ತರ

ನಾನು ಸುವಾರ್ತೆಯನ್ನು ಕೇಳಿಸಿಕೊಂಡ ಕಡೆಯವಳಾದ್ದರಿಂದ ಆ ಬದಿಯ ಮಾತನ್ನು ಹೇಳುತ್ತೇನೆ. ನಾನು ಹಾಸಿಗೆ ಹಿಡಿದಿದ್ದ ಮೂರು ತಿಂಗಳು ಪಕ್ಕದ ಮನೆಯವರು ದಿನವೂ ಸಂಜೆ ಬಂದು, ಮಾತ್ರೆಗಳನ್ನು ಹೊತ್ತಿಗೆ ತಕ್ಕಂತೆ ವಿಂಗಡಿಸಿಟ್ಟು, ನನ್ನ ತಲೆ ಬಾಚಿ ಹೋಗುತ್ತಿದ್ದರು. ಅವರು ಸ್ವಭಾವತಃ ಒಳ್ಳೆಯವರು ಎಂದಷ್ಟೇ ನಾನು ತಿಳಿದಿದ್ದೆ. ಕೊನೆಗೊಂದು ದಿನ, "ನನಗೇಕೆ ಇಷ್ಟೆಲ್ಲ ಮಾಡುತ್ತೀರಿ?" ಎಂದು ಕೇಳಿದಾಗ ಅವರು, "ನಾನು ಯಾರಿಗೂ ಬೇಡವಾಗಿದ್ದಾಗ ಯೇಸು ನನ್ನನ್ನು ಹುಡುಕಿಕೊಂಡು ಬಂದನು, ಇಲ್ಲಿಗೆ ಬರುವಾಗಲೆಲ್ಲ ಅದು ನೆನಪಾಗುತ್ತದೆ" ಎಂದರು. ಅಷ್ಟನ್ನೂ ಹೇಳದಿದ್ದರೆ ಎಲ್ಲ ಕೀರ್ತಿಯನ್ನೂ ನಾನು ಅವರಿಗೇ ಕೊಟ್ಟು ಸುಮ್ಮನಾಗುತ್ತಿದ್ದೆ. ಮಾತೇ ಇಲ್ಲದ ಸೇವೆ ಸೇವೆ ಮಾಡಿದವರನ್ನು ಮಾತ್ರ ತೋರಿಸುತ್ತದೆ, ಅವರನ್ನು ಕಳುಹಿಸಿದವನನ್ನು ತೋರಿಸುವುದಿಲ್ಲ.

ಆದರೆ ಇನ್ನೊಂದನ್ನೂ ಹೇಳಬೇಕು. ಆ ದಿನ ನಾನು ಸ್ವಲ್ಪ ಕಟುವಾಗಿಯೇ, "ನನಗೆ ಇದರಲ್ಲಿ ಆಸಕ್ತಿಯಿಲ್ಲ" ಎಂದಿದ್ದೆ. ಮರುದಿನ ಅವರು ಬರುವುದಿಲ್ಲವೆಂದೇ ನಂಬಿದ್ದೆ. ಅದೇ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು; ಅದೇ ಬಾಚಣಿಗೆ, ಅದೇ ನಿಧಾನದ ಕೈ. ಹಿಂದಿನ ದಿನದ ಮಾತನ್ನು ನಾನು ನಂಬತೊಡಗಿದ್ದು ಆ ಸಂಜೆ.

ಮೂರನೆಯ ಉತ್ತರ

"ಸದಾ ಸುವಾರ್ತೆಯನ್ನು ಸಾರಿರಿ, ಅಗತ್ಯಬಿದ್ದರೆ ಮಾತನ್ನೂ ಬಳಸಿರಿ" ಎಂಬುದನ್ನು ಇಟಲಿಯ ಸಂತ ಅಸಿಸಿಯ ಫ್ರಾನ್ಸಿಸರ ಮಾತೆಂದು ಹೇಳಿ ನಾವು ಅನೇಕರು ನಮ್ಮ ಮೌನವನ್ನು ಸಮರ್ಥಿಸಿಕೊಂಡಿದ್ದೇವೆ. ನಾನೂ ಬಹಳ ಕಾಲ ಹಾಗೆಯೇ ಮಾಡಿದೆ. ಅವರ ಬರಹಗಳಲ್ಲಿ ಆ ವಾಕ್ಯವಿಲ್ಲ. ತಮ್ಮ ಸನ್ಯಾಸಿ ಸಹೋದರರ ಸಂಘಕ್ಕೆ ಬರೆದ 1221ರ ನಿಯಮಾವಳಿಯಲ್ಲಿ ಅವರು, ಮುಸ್ಲಿಮರ ನಡುವೆ ವಾಸಿಸಲು ಹೋಗುವ ಸಹೋದರರಿಗೆ ಎರಡು ದಾರಿಗಳನ್ನು ಹೇಳಿದ್ದಾರೆ: ವಾದವಿವಾದಕ್ಕಿಳಿಯದೆ, ದೇವರ ನಿಮಿತ್ತ ಎಲ್ಲರಿಗೂ ಅಧೀನರಾಗಿದ್ದು, ತಾವು ಕ್ರೈಸ್ತರೆಂದು ಒಪ್ಪಿಕೊಳ್ಳುವುದು ಒಂದು, ದೇವರಿಗೆ ಮೆಚ್ಚುಗೆಯೆಂದು ಕಂಡಾಗ ವಾಕ್ಯವನ್ನು ಸಾರುವುದು ಇನ್ನೊಂದು. ಇದು ಬರಿಯ ಬೋಧನೆಯಲ್ಲ. ಅದಕ್ಕೆ ಎರಡು ವರ್ಷ ಮೊದಲು, 1219ರಲ್ಲಿ, ಕ್ರೈಸ್ತರ ಮತ್ತು ಮುಸ್ಲಿಮರ ನಡುವೆ ಧರ್ಮಯುದ್ಧ (ಕ್ರೂಸೇಡ್) ನಡೆಯುತ್ತಿರುವಾಗಲೇ ಅವರು ಈಜಿಪ್ಟಿನ ದಮಿಯೆಟ್ಟಾದ ಬಳಿ ಸುಲ್ತಾನ ಅಲ್‌-ಕಾಮಿಲನನ್ನು ಕಾಣಲು ಆಯುಧವಿಲ್ಲದೆ ಹೋಗಿದ್ದರು. ಸುಲ್ತಾನನು ಕ್ರೈಸ್ತನಾಗಲಿಲ್ಲ, ಫ್ರಾನ್ಸಿಸರು ಸುರಕ್ಷಿತವಾಗಿ ಹಿಂದಿರುಗಿದರು.

ಸಹಾಯವನ್ನು ಗಾಳದ ಎರೆಯಂತೆ ಬಳಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ಹಿಂದಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಆತನು ಕೇಳಿದನು, ಆದರೆ ಅವರಿಗೆ ಕೊಟ್ಟ ಆರೋಗ್ಯವನ್ನು ಹಿಂದಕ್ಕೆ ಪಡೆಯಲಿಲ್ಲ.

ನಾಲ್ಕನೆಯ ಉತ್ತರ

ತಂಗಿ, ನಿಮ್ಮ ಸ್ನೇಹಿತೆ ಕೇಳಿದ್ದಾಳೆ ಎಂಬುದನ್ನು ಗಮನಿಸಿ. ನಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಬೇಕು, ಆದರೆ ಅದನ್ನು ಸಾತ್ವಿಕತ್ವದಿಂದ ಹೇಳಬೇಕು ಎಂದು ಯೇಸುವಿನ ಶಿಷ್ಯನಾದ ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ ಬರೆದದ್ದು ಇಂತಹ ಸಂದರ್ಭಕ್ಕೇ. ಅವಳು ಕೇಳಿದ್ದು ನಿಮ್ಮ ತಮ್ಮನ ಬಗ್ಗೆ. ನೀವೂ ಅಷ್ಟನ್ನೇ ಹೇಳಿ. ಯೇಸುವಿನಿಂದ ಕಣ್ಣು ಪಡೆದ ಹುಟ್ಟುಕುರುಡನು, ತನ್ನನ್ನು ಪ್ರಶ್ನಿಸಿದ ಯೆಹೂದಿ ಧರ್ಮನಿಷ್ಠರಾದ ಫರಿಸಾಯರ ತರ್ಕಕ್ಕೆ ತರ್ಕದಿಂದ ಉತ್ತರಿಸಲು ಹೋಗದೆ, ಮೊದಲು ಕುರುಡನಾಗಿದ್ದೆ, ಈಗ ಕಾಣುತ್ತಿದ್ದೇನೆ ಎಂದನಲ್ಲವೇ? "ಆ ದಿನ ನಾನು ಸರಿಯಾಗಿ ಉತ್ತರಿಸಲಿಲ್ಲ, ಈಗ ಹೇಳಲೇ?" ಎಂದು ಮೊದಲು ಅನುಮತಿ ಕೇಳಿ. ಬೇಡವೆಂದರೆ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ವಂದನೆಗಳು. ನಿನ್ನೆ ಅನುಮತಿ ಕೇಳಿದೆ, ಅವಳು ಒಪ್ಪಿದಳು. ತಮ್ಮ ಆಸ್ಪತ್ರೆಯಲ್ಲಿದ್ದ ಕೊನೆಯ ರಾತ್ರಿ ನಾನು ಇಪ್ಪತ್ತಮೂರನೆಯ ಕೀರ್ತನೆಯನ್ನು ಅವನ ಕಿವಿಯ ಬಳಿ ಮತ್ತೆ ಮತ್ತೆ ಹೇಳುತ್ತಿದ್ದುದನ್ನೂ, ಅದರಲ್ಲಿ ಹೇಳಿರುವ ಕಾರ್ಗತ್ತಲ ಕಣಿವೆಯಲ್ಲಿ ನಾವಿಬ್ಬರೇ ಇಲ್ಲವೆಂದು ಆಗ ನನಗೆ ಅನ್ನಿಸಿದ್ದನ್ನೂ ಹೇಳಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, "ಅಷ್ಟು ಪ್ರಾರ್ಥಿಸಿದರೂ ಅವನು ಉಳಿಯಲಿಲ್ಲವಲ್ಲ" ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ, ನಾನೂ ದೇವರನ್ನು ಅದನ್ನೇ ಕೇಳುತ್ತಿರುತ್ತೇನೆ ಎಂದೆ. ಇಂದು ಬೆಳಿಗ್ಗೆ ಅವಳು ಎಂದಿನಂತೆ ಕುರ್ಚಿಯನ್ನು ನನ್ನ ಮೇಜಿನ ಬಳಿಗೆ ಎಳೆದುಕೊಂಡು ಕುಳಿತು, ಆ ಕೀರ್ತನೆಯನ್ನು ಬರೆದುಕೊಡಲು ಆಗುತ್ತದೆಯೇ ಎಂದು ಕೇಳಿದಳು.