ಮುಪ್ಪಿನಾಗ ಸ್ನಾಯು ಸವೆತ: ವಿಜಯಪುರದ ಡಾಕ್ಟರಿಗೆ ಕೇಳ್ರಿ (ಮೊಬೈಲ್ ಗುಂಪಿನ ಮಾತುಕತೆ)

ಸಿಂದಗಿ ಮಾಸ್ತರ: ಡಾಕ್ಟ್ರ, ನನಗ 66. ತೊಡಿ ಸಣ್ಣ ಆಗ್ಯಾವ. ಪ್ರೋಟೀನ್ ಡಬ್ಬಿ ತಗೊಳ್ಳೇನ್ರಿ?

ಡಾಕ್ಟರ್: ಕಿಡ್ನಿ ಚಲೋ ಇದ್ರ ದಿನಕ್ಕ ಕಿಲೋ ತೂಕಕ್ಕ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಮಡಕಿಕಾಳು, ಹೆಸರುಕಾಳು, ಮೊಸರು, ತತ್ತಿಯಿಂದನ ಬರತೈತಿ. ಕೈ ಊರದ ಖುರ್ಚಿಯಿಂದ 5 ಸಲ ಎದ್ದು ಕೂಡ್ರಿ. 12 ಸೆಕೆಂಡ್ ದಾಟಿದ್ರ ಬಂದು ತೋರಸ್ರಿ.

ಇಂಡಿ ಸದಸ್ಯೆ: ನಮ್ಮ ಅತ್ತಿಯವರಿಗೆ 68. ಎರಡು ತಿಂಗಳಿಂದ ನೆಲದಿಂದ ಏಳಾಕ ಆಗವಲ್ದು, ತಲಿ ಬಾಚಾಕ ಕೈ ಎತ್ತಾಕ ಆಗವಲ್ದು. ಮಾರಿ ಮಾತ್ರ ದುಂಡಗ ಆಗೇತಿ. ಮೊಣಕಾಲ ನೋವಿಗೆ ಸಂತ್ಯಾಗಿನ ಪುಡಿ ವರ್ಷದಿಂದ ತಿಂತಾರ. ವಯಸ್ಸಿಂದೇನ್ರಿ?

ತಾಳಿಕೋಟಿ ಸದಸ್ಯ: ನನಗ ಬಂದ ಮೆಸೇಜು ಹಾಕೇನಿ: "21 ದಿನ ನುಗ್ಗಿ ಎಲಿ ರಸ ಕುಡೀರಿ, ಎಲ್ಲಾ ಔಷಧ ಬಿಡ್ರಿ, ಹೊಸಾ ಸ್ನಾಯು ಬರತಾವ."

ಡಾಕ್ಟರ್: ತಂಗೀ, ಇದು ಬರೇ ವಯಸ್ಸಿಂದಲ್ಲ. ಸಾರ್ಕೋಪೀನಿಯಾ, ಅಂದ್ರ ಮುಪ್ಪಿನ ಸ್ನಾಯು ಸವೆತ, ವರ್ಷಾನುಗಟ್ಟಲೆ ಮೆಲ್ಲಕ ಬರತೈತಿ. ಎರಡು ತಿಂಗಳಾಗ ಹೆಗಲಿಂದು, ತೊಡಿದು ಕಸುವು ಹೋಗಿ ಮಾರಿ ಊದೇತಿ ಅಂದ್ರ ನನಗ ಸಂಶಯ ಆ ಪುಡಿ ಮ್ಯಾಲೆ. ಇಂಥ ಕೆಲವು ಪುಡ್ಯಾಗ ಸ್ಟಿರಾಯ್ಡ್ ಕಲಸಿರ್ತಾರ. ನೋವು ಲಗೂ ಇಳೀತೈತಿ, ಆದ್ರ ಸ್ನಾಯು ಎಳಿಯೋ ಮಯೋಸಿನ್ ಪ್ರೋಟೀನ್ ಒಡೀತೈತಿ, ಹೊಸಾದು ಕಟ್ಟೂದೂ ಕಡಿಮಿ ಆಕ್ಕೈತಿ. ಹಂಗಂತ ಒಮ್ಮೆಲೆ ಬಿಡಿಸಬ್ಯಾಡ್ರಿ! ಹೊರಗಿಂದ ಸಿಗತೈತಂತ ದೇಹ ತನ್ನ ಸ್ವಂತ ಸ್ಟಿರಾಯ್ಡ್ ಮಾಡೂದು ನಿಲ್ಲಿಸಿರಬಹುದು. ಥಟ್ಟನೆ ಬಿಟ್ರ ಬಿ.ಪಿ. ಬಿದ್ದು ಜೀವಕ್ಕ ಬರತೈತಿ. ಪುಡಿ ಪೊಟ್ಟಣ ಸಮೇತ ನಾಳೆ ಮುಂಜಾನೆ ಆಸ್ಪತ್ರಿಗೆ ಕರಕೊಂಡು ಹೋಗ್ರಿ. ಸಕ್ಕರಿ, ಸೋಡಿಯಂ, ಥೈರಾಯ್ಡ್, ವಿಟಮಿನ್ ಡಿ, ಸ್ನಾಯು ಕೆಟ್ಟೈತೇನು ಅಂತ ತೋರಸೋ ಸಿ.ಪಿ.ಕೆ. ರಕ್ತ ಪರೀಕ್ಷೆ ನೋಡಬೇಕು.
ತಾಳಿಕೋಟಿಯವರ, "ಎಲ್ಲಾ ಔಷಧ ಬಿಡ್ರಿ" ಅನ್ನೂದನ್ನ ಮೊದಲು ಅಳಸ್ರಿ.

ಜಮಖಂಡಿ ಸದಸ್ಯ: ತತ್ತಿ ಯಾಕ ಹೇಳ್ತೀರಿ? ನಮ್ಮಪ್ಪ ರೊಟ್ಟಿ, ಶೇಂಗಾ ಹಿಂಡಿ ತಿಂದು 85ರ ತನಕ ಗಟ್ಟಿ ಇದ್ದ.

ಮುಧೋಳ ಸದಸ್ಯ: ನಿಮ್ಮಪ್ಪ ರಂಟಿ ಹೊಡೀತಿದ್ದ. ನೀವು ಮೊಬೈಲ್ ಹಿಡೀತೀರಿ.

ಜಮಖಂಡಿ ಸದಸ್ಯ: ಅಪ್ಪನ ಸುದ್ದಿಗೆ ಬರಬ್ಯಾಡ್ರಿ.

ಬಾಗಲಕೋಟಿ ಸದಸ್ಯೆ: ಅಪ್ಪಾರಿಗೆ ರಾತ್ರಿ ಮೀನಖಂಡ ಹಿಡಿತಾವ, ಏನ ಮಾಡ್ಲಿ?

ಬೆಳಗಾವಿ ಸದಸ್ಯ: ಮಯೋಸ್ಟಾಟಿನ್ ತಡಿಯೋ ಇಂಜೆಕ್ಷನ್ ಬಂದೈತಂತ?

ಡಾಕ್ಟರ್: ಮಯೋಸ್ಟಾಟಿನ್ ಸ್ನಾಯು ಅತಿ ಬೆಳೀದಂಗ ತಡಿಯೋ ಪ್ರೋಟೀನ್. 1997ರಾಗ ಅದರ ಜೀನ್ ಕೆಡಿಸಿದ ಇಲಿಗಳ ಸ್ನಾಯು ದುಪ್ಪಟ್ಟು ಬೆಳದ್ವು. ಆ ದಾರಿ ತಡಿಯೋ ಔಷಧದಿಂದ ವಯಸ್ಸಾದವರ ಸ್ನಾಯುವೂ ಹೆಚ್ಚಾತು, ನಡಿಗಿ ಮಾತ್ರ ಹೆಚ್ಚು ಸುಧಾರಿಸಲಿಲ್ಲ. ಅದಕ್ಕಿಂತ 1990ರ ಅಮೆರಿಕಾದ ಪ್ರಯೋಗ ನೋಡ್ರಿ: 90ರ ಆಸುಪಾಸಿನವರಿಗೆ 8 ವಾರ ಕಾಲಿಂದ ಭಾರ ಎತ್ತಿಸಿದ್ರು, ಕಸುವು ದುಪ್ಪಟ್ಟು ದಾಟ್ತು.

ಮುದ್ದೇಬಿಹಾಳ ಸದಸ್ಯ: ಪ್ರೋಟೀನ್ ಡಬ್ಬಿ ಯಾವುದು ಚಲೋ?

ಡಾಕ್ಟರ್: ಮ್ಯಾಲೆ ಓದ್ರಿ.

ತಾಳಿಕೋಟಿ ಸದಸ್ಯ: ನುಗ್ಗಿ ಒಳ್ಳೇದಲ್ಲೇನು? ಡಾಕ್ಟರರಿಗೆ ಬರೇ ಗುಳಿಗಿ ಬೇಕು.

ಡಾಕ್ಟರ್: ನುಗ್ಗಿ ಪಲ್ಯ ದಿನಾ ತಿನ್ರಿ. ಊರಿಗೆಲ್ಲಾ ಔಷಧ ಬಿಡಸಬ್ಯಾಡ್ರಿ.

ಇಂಡಿ ಸದಸ್ಯೆ: ಡಾಕ್ಟ್ರ, ಆ ನುಗ್ಗಿ ರಸದ ಮೆಸೇಜು ಮಾವ ಮೊನ್ನೆನ ನೋಡಿದ್ರಂತ, ಅವತ್ತ ಪುಡಿ ಬಿಡಿಸ್ಯಾರ. ಅತ್ತಿ ಬೆಳಗಿಂದ ವಾಂತಿ ಮಾಡ್ಯಾರ, ಎದ್ರ ಕಣ್ಣಿಗೆ ಕತ್ತಲಿ ಬರತೈತಿ.

ಡಾಕ್ಟರ್: ನಾಳೆ ಅಲ್ಲ, ಈಗ. 108ಕ್ಕ ಫೋನ್ ಹಚ್ರಿ. ಪುಡಿ ತಿಂದದ್ದು, ಬಿಟ್ಟ ದಿನ ಎರಡೂ ಅಲ್ಲಿ ಮೊದಲು ಹೇಳ್ರಿ. ಉಳದವ್ರು ಸುಮ್ಮನ ಇರ್ರಿ.